ಡೀಸೆಲ್ ಅನ್ನೋದು ಒಬ್ಬರ ಹೆಸರು

ಡೀಸೆಲ್ ಅನ್ನೋ ಪದವನ್ನ ನಾವು ದಿನಕ್ಕೆ ಎಷ್ಟು ಸಲ ಕೇಳ್ತೀವೋ ಲೆಕ್ಕ ಇಲ್ಲ. ಬಂಕ್‌ನಲ್ಲಿ ಕೇಳ್ತೀವಿ, ಊರಲ್ಲಿ ಟ್ರ್ಯಾಕ್ಟರ್ ಹತ್ತಿರ ಕೇಳ್ತೀವಿ, ಕರೆಂಟ್ ಹೋಗಿ ಹಾಸ್ಟೆಲ್ ಹಿಂದೆ ಜನರೇಟರ್ ಗುಡುಗೋಕೆ ಶುರು ಮಾಡಿದಾಗ ನೆನಪಿಸ್ಕೋತೀವಿ. ಥರ್ಮೋ ಪೇಪರ್‌ನಲ್ಲಿ ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಂ ಬರೆದು ಹತ್ತು ಮಾರ್ಕ್ಸ್ ತಗೊಂಡಿದ್ದೂ ಆಯ್ತು. ಆದ್ರೆ ಅದು ಒಬ್ಬ ಮನುಷ್ಯನ ಹೆಸರು ಅಂತ ನಮ್ಮ ರೂಮಿನ ಮೂವರಲ್ಲಿ ಇಬ್ಬರಿಗೆ ಗೊತ್ತೇ ಇರಲಿಲ್ಲ.

ಗೊತ್ತಾಗಿದ್ದು ಒಂದು ಹಳೇ ಕಾರಿನ ದೆಸೆಯಿಂದ.

ನಮ್ಮ ರೂಮ್‌ಮೇಟ್ ಅಪ್ಪ ತಿಪಟೂರು ಕಡೆ ಕೊಬ್ಬರಿ ವ್ಯಾಪಾರ ಮಾಡ್ತಾರೆ. ದಿನಾ ಹಳ್ಳಿ ಹಳ್ಳಿ ಸುತ್ತಿ ಮಾಲು ನೋಡಿ ಬರಬೇಕು. ಇಷ್ಟು ವರ್ಷ ಬೈಕ್‌ನಲ್ಲೇ ಓಡಾಡಿ ಈಗ ಸೊಂಟ ಹಿಡ್ಕೊಂಡಿದೆ. ಒಂದು ರಾತ್ರಿ ಫೋನ್ ಮಾಡಿ, ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರೊಂದು ನೋಡಿದೀನಿ, 2014ರ ಮಾಡೆಲ್, ಮೀಟರ್‌ನಲ್ಲಿ 1,84,000 ಕಿಲೋಮೀಟರ್ ಇದೆ, ಓನರ್ ಮೂರು ಲಕ್ಷ ಹೇಳ್ತಿದಾರೆ, ನೀವೆಲ್ಲ ಮೆಕ್ಯಾನಿಕಲ್ ಓದ್ತಿದೀರಲ್ಲ, ತಗೋಬಹುದಾ ಬೇಡ್ವಾ ಹೇಳ್ರಪ್ಪಾ ಅಂದ್ರು. ಮೂರು ಲಕ್ಷ ಅಂದ್ರೆ ಅವರು ಮೂರು ವರ್ಷ ಕೂಡಿಟ್ಟ ದುಡ್ಡು ಅಂತ ನಮಗೆ ಗೊತ್ತು.

ನಾವು ಮುಖ ಮುಖ ನೋಡ್ಕೊಂಡ್ವಿ. ಕಟ್-ಆಫ್ ರೇಷಿಯೋ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತೀವಿ. 1,84,000 ಕಿಲೋಮೀಟರ್ ಓಡಿದ ಎಂಜಿನ್ ಇನ್ನೆಷ್ಟು ಓಡುತ್ತೆ ಅಂದ್ರೆ ಗೊತ್ತಿಲ್ಲ. ಒಂದು ವಾರ ಟೈಮ್ ಕೇಳಿದ್ವಿ. ಎಂಜಿನ್ ಬಗ್ಗೆ ಓದೋಕೆ ಕೂತವರು ಅದನ್ನ ಮಾಡಿದ ಮನುಷ್ಯನ ಹತ್ತಿರ ಹೋಗಿ ನಿಂತ್ವಿ. ಕಾರಿನ ಕಥೆ ಕೊನೆಗೆ ಹೇಳ್ತೀವಿ. ಮೊದಲು ಈ ಮನುಷ್ಯನ ಕಥೆ ಕೇಳಿ. ಕಾರನ್ನ ಹೇಗೆ ನೋಡಬೇಕು ಅಂತ ನಮಗೆ ಅರ್ಥ ಆಗಿದ್ದು ಇದರಿಂದಲೇ.

ತಳ್ಳುಗಾಡಿಯ ಹುಡುಗ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಆದರೆ ಅಪ್ಪ ಅಮ್ಮ ಫ್ರೆಂಚರಲ್ಲ, ಜರ್ಮನಿಯ ಬವೇರಿಯಾ ಕಡೆಯವರು. ಅಪ್ಪ ಥಿಯೊಡೋರ್ ಬುಕ್ ಬೈಂಡಿಂಗ್ ಕಲಿತವರು, ಚರ್ಮದ ಸಾಮಾನು ಮಾಡಿ ಮಾರ್ತಿದ್ರು. ಮಗ ಆ ಸಾಮಾನನ್ನು ತಳ್ಳುಗಾಡಿಯಲ್ಲಿ ಹಾಕ್ಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸಿ ಬರುತ್ತಿದ್ದ. ಶಾಲೆಯಲ್ಲಿ ಚುರುಕು. ಬಿಡುವಾದಾಗ ಊರಿನ ಯಂತ್ರಗಳ ಮ್ಯೂಸಿಯಂಗೆ ಹೋಗಿ ಹಳೇ ಯಂತ್ರಗಳನ್ನು ನೋಡುತ್ತಾ ನಿಲ್ಲುತ್ತಿದ್ದ.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಗೂ ಯುದ್ಧ ಶುರುವಾಯಿತು. ಪ್ಯಾರಿಸ್‌ನಲ್ಲಿದ್ದ ಜರ್ಮನರು ಊರು ಬಿಡಬೇಕಾಯಿತು. ಕುಟುಂಬ ಕೈಗೆ ಸಿಕ್ಕಿದ್ದು ಹಿಡಿದು ಲಂಡನ್ನಿಗೆ ಹೋಯಿತು. ಅಲ್ಲಿ ಹೊಟ್ಟೆಪಾಡಿಗೇ ಕಷ್ಟ. ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿದ್ದ ಸಂಬಂಧಿಕರ ಮನೆಗೆ ಕಳಿಸಿಬಿಟ್ಟರು. ಆ ಮನೆಯ ಯಜಮಾನರು ಅಲ್ಲಿನ ವೃತ್ತಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಹುಡುಗನಿಗೆ ಊಟ, ಪಾಠ ಎರಡೂ ಅಲ್ಲೇ.

ಹದಿನಾಲ್ಕನೇ ವಯಸ್ಸಿಗೆ, ನಾನು ಎಂಜಿನಿಯರ್ ಆಗ್ತೀನಿ ಅಂತ ಮನೆಗೆ ಕಾಗದ ಬರೆದ. ಓದಿನಲ್ಲಿ ತರಗತಿಗೇ ಮೊದಲು. ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ಬೇಗ ದುಡಿಯೋಕೆ ಬರಲಿ ಅನ್ನೋದು ಅಪ್ಪ ಅಮ್ಮನ ಆಸೆ. ಅವರ ಮನಸ್ಸಿಗೆ ವಿರುದ್ಧವಾಗಿ ಹೋಗಿ ಸೇರಿಕೊಂಡ.

ಅಲ್ಲಿ ಪಾಠ ಮಾಡುತ್ತಿದ್ದವರು ಕಾರ್ಲ್ ಫಾನ್ ಲಿಂಡೆ. ಫ್ರಿಡ್ಜ್ ತಂತ್ರಜ್ಞಾನಕ್ಕೆ ಅಡಿಪಾಯ ಹಾಕಿದ ದೊಡ್ಡ ಹೆಸರು. ಆಗಿನ ಕಾಲದ ಸ್ಟೀಮ್ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ತೊಂಬತ್ತು ಭಾಗವನ್ನು ಹಾಳು ಮಾಡುತ್ತೆ, ಕಾರ್ನೋ ಲೆಕ್ಕದ ಪ್ರಕಾರ ಇದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಬಹುದು ಅಂತ ಲಿಂಡೆ ಒಂದು ಪಾಠದಲ್ಲಿ ಹೇಳಿದರು. ನಮ್ಮಂಥವರು ಅದನ್ನ ನೋಟ್ಸ್‌ನಲ್ಲಿ ಬರ್ಕೊಂಡು ಮುಂದಿನ ಪುಟ ತಿರುಗಿಸ್ತೀವಿ. ರುಡಾಲ್ಫ್‌ಗೆ ಅದು ತಲೆಯಿಂದ ಇಳಿಯಲೇ ಇಲ್ಲ.

ಇನ್ನೊಂದು ವಿಷಯ. 1879ರ ಬೇಸಿಗೆಯಲ್ಲಿ ಫೈನಲ್ ಪರೀಕ್ಷೆ ಹೊತ್ತಿಗೆ ರುಡಾಲ್ಫ್‌ಗೆ ಟೈಫಾಯ್ಡ್ ಬಂತು. ಪರೀಕ್ಷೆ ತಪ್ಪಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೆಮ್ ಹೋಯ್ತು. ಮುಂದಿನ ಪರೀಕ್ಷೆಯವರೆಗೆ ಸುಮ್ಮನೆ ಕೂರದೆ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ಸುಲ್ಜರ್ ಕಂಪನಿಯ ಕಾರ್ಖಾನೆಗೆ ಹೋಗಿ ಕೈಗೆ ಮಸಿ ಮಾಡಿಕೊಂಡು ಕೆಲಸ ಕಲಿತರು. 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಅಂಕಗಳೊಂದಿಗೆ ಪಾಸಾದರು.

ಐಸ್‌ನಿಂದ ಬೆಂಕಿಗೆ

ಮೊದಲ ಕೆಲಸ ಗುರು ಲಿಂಡೆಯವರ ಕಂಪನಿಯಲ್ಲೇ. ಪ್ಯಾರಿಸ್‌ನಲ್ಲಿ ಐಸ್ ತಯಾರಿಸುವ ಘಟಕ ಕಟ್ಟುವುದು, ನಡೆಸುವುದು. 1883ರಲ್ಲಿ ಮಾರ್ಥಾ ಫ್ಲಾಶೆ ಜೊತೆ ಮದುವೆಯಾಯಿತು. ಮೂರು ಮಕ್ಕಳಾದವು. ಹಗಲು ಐಸ್ ಕೆಲಸ, ಉಳಿದ ಹೊತ್ತೆಲ್ಲ ಆ ಹಳೇ ಪಾಠದ ಯೋಚನೆ. ನೀರಿನ ಹಬೆ ಬದಲು ಅಮೋನಿಯಾ ಹಬೆಯಿಂದ ಎಂಜಿನ್ ಓಡಿಸಲು ವರ್ಷಗಟ್ಟಲೆ ಒದ್ದಾಡಿದರು. ಆಗಲಿಲ್ಲ. 1890ರಲ್ಲಿ ಬರ್ಲಿನ್‌ಗೆ ಬಂದ ಮೇಲೆ ಹಬೆಯನ್ನೇ ಬಿಟ್ಟು ಗಾಳಿಯನ್ನು ಹಿಡಿದುಕೊಂಡರು.

ಸೈಕಲ್‌ಗೆ ಪಂಪ್ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗೋದು ನಾವೆಲ್ಲ ನೋಡಿದೀವಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತೆ. ಇನ್ನೂ ಒತ್ತಿದರೆ? 27 ಡಿಗ್ರಿಯ ಗಾಳಿಯನ್ನು ಹದಿನಾರರಲ್ಲಿ ಒಂದು ಭಾಗಕ್ಕೆ ತಟ್ಟನೆ ಒತ್ತಿದರೆ, ನಮ್ಮ ಥರ್ಮೋ ಫಾರ್ಮುಲಾ ಪ್ರಕಾರವೇ 630 ಡಿಗ್ರಿ ದಾಟುತ್ತೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳೋಕೆ ಅದರ ಅರ್ಧವೂ ಬೇಡ. ಆ ಬಿಸಿ ಗಾಳಿಗೆ ಎಣ್ಣೆ ಸಿಂಪಡಿಸಿದರೆ ಸಾಕು, ಕಿಡಿ ಬೇಡ, ಸ್ಪಾರ್ಕ್ ಪ್ಲಗ್ ಬೇಡ. ರುಡಾಲ್ಫ್ ಅವರ ಐಡಿಯಾದ ತಿರುಳು ಇಷ್ಟೇ.

1892ರ ಫೆಬ್ರವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, ಮುಂದಿನ ವರ್ಷ ಸಿಕ್ಕಿತು. ಪುಸ್ತಕವನ್ನೂ ಬರೆದರು. ಆದರೆ ಕಾಗದದ ಮೇಲಿನ ಎಂಜಿನ್ ಅದೇ ರೀತಿ ಓಡುವಂಥದ್ದಾಗಿರಲಿಲ್ಲ. ಸುಡುವಾಗ ತಾಪಮಾನ ಏರಲೇಬಾರದು, ಒತ್ತಡ ವಾತಾವರಣದ ಸುಮಾರು 250 ಪಟ್ಟು ಇರಬೇಕು ಅನ್ನೋ ಲೆಕ್ಕ ಅದು. ಅಂಥ ಎಂಜಿನ್‌ಗೆ ತನ್ನನ್ನು ತಾನು ತಿರುಗಿಸಿಕೊಳ್ಳೋಕೇ ಶಕ್ತಿ ಸಾಲದು. ರುಡಾಲ್ಫ್ ತಾವೇ ಅದನ್ನು ಕಂಡುಕೊಂಡು ಒತ್ತಡವನ್ನು ಎಷ್ಟೋ ಇಳಿಸಿದರು. ನಾವು ಬರೆಯೋ ಡೀಸೆಲ್ ಸೈಕಲ್‌ನಲ್ಲಿ ಒತ್ತಡ ಬದಲಾಗದ ಆ ಅಡ್ಡಗೆರೆ ಬಂದಿದ್ದು ಈ ತಿದ್ದುಪಡಿಯಿಂದ. ಪೇಟೆಂಟ್‌ನಲ್ಲಿ ಬರೆದಿದ್ದು ಒಂದು, ಮಾಡಿದ್ದು ಇನ್ನೊಂದು ಅಂತ ವಿರೋಧಿಗಳು ಮುಂದೆ ಅವರನ್ನು ಜೀವನವಿಡೀ ಕುಟುಕಿದ್ದು ಇದೇ ಕಾರಣಕ್ಕೆ.

ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್‌ರಿಷ್ ಬುಟ್ಸ್ ಪ್ರಯೋಗಕ್ಕೆ ಜಾಗ ಕೊಟ್ಟರು. ಕ್ರುಪ್ ಕಂಪನಿಯೂ ಹಣ ಹಾಕಿತು. 1893ರ ಆಗಸ್ಟ್ 10ರಂದು ಮೊದಲ ಎಂಜಿನ್‌ಗೆ ಇಂಧನ ಬಿಟ್ಟರು. ಒತ್ತಡ ಅಳೆಯುವ ಇಂಡಿಕೇಟರ್ ಸಿಡಿದು ಚೂರಾಯಿತು. ಹತ್ತಿರ ಇದ್ದವರು ಬದುಕಿದ್ದೇ ಹೆಚ್ಚು. ಅಲ್ಲಿದ್ದ ಬೇರೆಯವರಿಗೆ ಅದು ಅಪಘಾತ. ರುಡಾಲ್ಫ್‌ಗೆ ಅದು ರಿಸಲ್ಟ್, ಕಿಡಿ ಇಲ್ಲದೆ ಇಂಧನ ಹೊತ್ತಿಕೊಂಡಿತ್ತು. 1894ರ ಫೆಬ್ರವರಿ 17ರಂದು ಎಂಜಿನ್ ಮೊದಲ ಬಾರಿ ತನ್ನಷ್ಟಕ್ಕೆ ತಾನು ಓಡಿತು. ಎಷ್ಟು ಹೊತ್ತು? ಸುಮಾರು ಒಂದು ನಿಮಿಷ.

ಆ ಒಂದು ನಿಮಿಷದಿಂದ ನಂಬಿ ಮಾರಬಹುದಾದ ಎಂಜಿನ್ ತನಕ ಬರೋಕೆ ಇನ್ನೂ ಮೂರು ವರ್ಷ ಬೇಕಾಯಿತು. 1897ರ ಫೆಬ್ರವರಿ 17ರಂದು, ಸರಿಯಾಗಿ ಅದೇ ತಾರೀಖು, ಮ್ಯೂನಿಕ್‌ನ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಬಂದು ಅಧಿಕೃತವಾಗಿ ಪರೀಕ್ಷಿಸಿದರು. ಒಂದೇ ಸಿಲಿಂಡರ್, ಅದರ ಗಾತ್ರ 19.6 ಲೀಟರ್, ಒಂದು ನಿಮಿಷಕ್ಕೆ 154 ಸುತ್ತು, ಶಕ್ತಿ ಸುಮಾರು 18 ಎಚ್‌ಪಿ. ಇವತ್ತಿನ 1.3 ಲೀಟರ್ ಡೀಸೆಲ್ ಕಾರ್ ಎಂಜಿನ್ 75 ಎಚ್‌ಪಿ ಕೊಡುತ್ತೆ ಅಂತ ನಗಬೇಡಿ. ಎಫಿಷಿಯೆನ್ಸಿ ನೋಡಿ, ಶೇಕಡಾ 26.2. ಆಗಿನ ಯಾವ ಎಂಜಿನ್ನೂ ಅದರ ಹತ್ತಿರ ಬರುತ್ತಿರಲಿಲ್ಲ. ಆ ಎಂಜಿನ್ ಈಗಲೂ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ.

ಇದನ್ನ ಓದಿದಾಗ ಕಾರಿನ ಪ್ರಶ್ನೆ ನಮಗೆ ಅರ್ಧ ಬಿಡಿಸಿದ ಹಾಗಾಯ್ತು. ಡೀಸೆಲ್ ಎಂಜಿನ್‌ನ ಜೀವ ಇರೋದು ಒತ್ತಡದಲ್ಲಿ. ಪಿಸ್ಟನ್ ರಿಂಗ್ ಸವೆದು ಗಾಳಿ ಸೋರಿದರೆ ಆ 630 ಡಿಗ್ರಿ ಬರೋದಿಲ್ಲ. ಎಂಜಿನ್ ಬಿಸಿ ಇದ್ದಾಗ ಹೇಗೋ ಸ್ಟಾರ್ಟ್ ಆಗುತ್ತೆ, ತಣ್ಣಗಿದ್ದಾಗ ತಿಣುಕುತ್ತೆ. ಹಾಗಾಗಿ ಮೀಟರ್ ಎಷ್ಟು ತೋರಿಸುತ್ತೆ ಅನ್ನೋದು ಎರಡನೇ ಪ್ರಶ್ನೆ. ಒತ್ತಡ ಉಳಿದಿದೆಯಾ ಅನ್ನೋದು ಮೊದಲನೇ ಪ್ರಶ್ನೆ.

ಹೆಸರು ಬಂತು, ನಿದ್ದೆ ಹೋಯ್ತು

ಪರೀಕ್ಷೆಯ ಸುದ್ದಿ ಹರಡಿದ್ದೇ ತಡ, ಕಂಪನಿಗಳು ಸಾಲುಗಟ್ಟಿದವು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಅಮೆರಿಕ ಮತ್ತು ಕೆನಡಾದ ಹಕ್ಕುಗಳನ್ನು ಹತ್ತು ಲಕ್ಷ ಮಾರ್ಕ್ ಕೊಟ್ಟು ಕೊಂಡರು. ತಳ್ಳುಗಾಡಿ ತಳ್ಳಿದ ಹುಡುಗ ನಲವತ್ತನೇ ವಯಸ್ಸಿಗೆ ಕೋಟ್ಯಧೀಶ ಅನ್ನೋ ಲೆಕ್ಕ. ಮ್ಯೂನಿಕ್‌ನ ಶ್ರೀಮಂತರ ಬೀದಿಯಲ್ಲಿ ದೊಡ್ಡ ಬಂಗಲೆ ಕಟ್ಟಿಸಿದರು.

ಆದರೆ ಲ್ಯಾಬ್‌ನಲ್ಲಿ ಓಡಿದ್ದು ಫ್ಯಾಕ್ಟರಿಯಲ್ಲಿ ಓಡಬೇಕಲ್ಲ. 1898ರಲ್ಲಿ ಕೆಂಪ್ಟೆನ್ ಊರಿನ ಬೆಂಕಿಪೊಟ್ಟಣದ ಕಾರ್ಖಾನೆಗೆ ಹೋದ ಎಂಜಿನ್ ಪದೇಪದೇ ಕೈಕೊಟ್ಟಿತು. ಬೇರೆ ಕಡೆಯಿಂದಲೂ ದೂರು ಬಂತು. ರುಡಾಲ್ಫ್ ಹೆಸರು ಹೊತ್ತು ಶುರುವಾದ ಆಗ್ಸ್‌ಬರ್ಗ್‌ನ ಒಂದು ಕಾರ್ಖಾನೆ ನಿಲ್ಲಲೇ ಇಲ್ಲ. ಮೇಲಿಂದ ಪೇಟೆಂಟ್ ಜಗಳಗಳು. ವರ್ಷಗಟ್ಟಲೆ ನಿದ್ದೆಗೆಟ್ಟು ದುಡಿದ ದೇಹ, ಮನಸ್ಸು ಎರಡೂ ಕುಸಿದವು. 1898ರ ಕೊನೆ ಹೊತ್ತಿಗೆ ಅವರನ್ನು ಮಾನಸಿಕ ವಿಶ್ರಾಂತಿಗೆ ಸ್ಯಾನಟೋರಿಯಂಗೆ ಸೇರಿಸಬೇಕಾಯಿತು. ಜಗತ್ತು ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲೇ ಅವರು ತಲೆನೋವು, ನಿದ್ದೆಯಿಲ್ಲದ ರಾತ್ರಿಗಳಲ್ಲಿ ನರಳುತ್ತಿದ್ದರು.

ಎಂಜಿನ್ ಮಾತ್ರ ನಿಧಾನಕ್ಕೆ ಸುಧಾರಿಸಿತು. 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್‌ಗೆ ಅತಿ ದೊಡ್ಡ ಬಹುಮಾನ ಬಂತು. ಹನ್ನೆರಡನೇ ವಯಸ್ಸಿಗೆ ಅವರನ್ನು ಓಡಿಸಿದ ಅದೇ ಊರು. ಆ ಪ್ರದರ್ಶನದಲ್ಲಿ ಒಂದು ಸಣ್ಣ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಡೀಸೆಲ್ ಎಂಜಿನ್ ಕಂಡುಹಿಡಿದಿದ್ದೇ ಕಡಲೆಕಾಯಿ ಎಣ್ಣೆಗೆ ಅಂತ ಎಷ್ಟೋ ಕಡೆ ಬರೀತಾರೆ, ಅದು ತಪ್ಪು. ಫ್ರೆಂಚ್ ಸರ್ಕಾರಕ್ಕೆ ಬೇಕಿತ್ತು ಅಂತ ಓಟೋ ಕಂಪನಿ ಓಡಿಸಿ ತೋರಿಸಿದ್ದು. ಮುಂದೆ ರುಡಾಲ್ಫ್ ಕೂಡ ಸಸ್ಯದ ಎಣ್ಣೆಗೆ ಭವಿಷ್ಯ ಇದೆ ಅಂತ ನಂಬಿದರು. ನಮ್ಮ ಕಡೆ ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸೋ ಪ್ರಯೋಗಗಳು ನಡೆದಿರೋದು ಇದೇ ದಾರಿಯಲ್ಲಿ.

ಅವರ ಕನಸು ಇನ್ನೂ ಒಂದಿತ್ತು. ಸ್ಟೀಮ್ ಎಂಜಿನ್ ದೊಡ್ಡ ಬಂಡವಾಳದವರ ಸೊತ್ತು. ಸಣ್ಣ ಕುಶಲಕರ್ಮಿಗೆ, ಹಳ್ಳಿಯ ವರ್ಕ್‌ಶಾಪಿಗೆ ಅಗ್ಗದ ಎಂಜಿನ್ ಸಿಕ್ಕರೆ ಅವನೂ ಬದುಕಿಕೊಳ್ಳುತ್ತಾನೆ ಅನ್ನೋದು ಅವರ ಆಸೆ. ಕಾರ್ಮಿಕರೇ ಸೇರಿ ಕಾರ್ಖಾನೆ ನಡೆಸೋದರ ಬಗ್ಗೆ 1903ರಲ್ಲಿ ಸೊಲಿಡಾರಿಸ್ಮುಸ್ ಅಂತ ಪುಸ್ತಕ ಬರೆದರು. ಅದನ್ನ ಕೊಂಡವರೇ ಬಹಳ ಕಮ್ಮಿ. ಅವರ ಎಂಜಿನ್ ಹೋಗಿದ್ದು ದೊಡ್ಡ ಕಾರ್ಖಾನೆಗೆ, ಹಡಗಿಗೆ, ಜಲಾಂತರ್ಗಾಮಿಗೆ. 1912ರಲ್ಲಿ ಡೆನ್ಮಾರ್ಕ್‌ನ ಸೆಲಾಂಡಿಯಾ ಹಡಗು ಡೀಸೆಲ್ ಎಂಜಿನ್ ಮೇಲೆ ಕೋಪನ್‌ಹೇಗನ್‌ನಿಂದ ಬ್ಯಾಂಕಾಕ್ ತನಕ ಹೋಯಿತು. ಹೊಗೆ ಕೊಳವೆಯೇ ಇಲ್ಲದ ಹಡಗು ನೋಡಿ ಬಂದರುಗಳಲ್ಲಿ ಜನ ಬೆರಗಾದರು.

ಕಾರಿಗೆ ಮಾತ್ರ ಅವರ ಕಾಲದಲ್ಲಿ ಬರಲಿಲ್ಲ. ಇಂಧನವನ್ನು ಸಿಲಿಂಡರ್ ಒಳಗೆ ತಳ್ಳೋಕೆ ಒತ್ತಿದ ಗಾಳಿ ಬೇಕಿತ್ತು. ಅದಕ್ಕೊಂದು ಭಾರೀ ಕಂಪ್ರೆಸರ್. ಅದನ್ನು ಹೊತ್ತು ಕಾರು ಓಡೋದು ಎಲ್ಲಿಂದ ಬಂತು? ರಾಬರ್ಟ್ ಬಾಷ್ ಕಂಪನಿ ಸಣ್ಣ ಇಂಜೆಕ್ಷನ್ ಪಂಪ್‌ಗಳನ್ನು ಸಾಲಾಗಿ ತಯಾರಿಸೋಕೆ ಶುರು ಮಾಡಿದ್ದು 1927ರಲ್ಲಿ. ಮರ್ಸಿಡಿಸ್ ಬೆಂಜ್ 260 ಡಿ ಕಾರು ಬಂದಿದ್ದು 1936ರಲ್ಲಿ. ಈಗಿನ ಕಾಮನ್ ರೈಲ್ ಡೀಸೆಲ್ ಕಾರುಗಳು 1997ರಿಂದ ಈಚೆಗೆ. ಒಂದು ಹಳೇ ಡೀಸೆಲ್ ಕಾರಿನಲ್ಲಿ ಅತಿ ನಾಜೂಕಿನ, ಅತಿ ದುಬಾರಿ ಭಾಗ ಇವತ್ತಿಗೂ ಇಂಜೆಕ್ಟರ್ ಮತ್ತು ಪಂಪ್. ರುಡಾಲ್ಫ್ ಅವರನ್ನು ಕೊನೆತನಕ ಕಾಡಿದ ಜಾಗವೇ ಅದು.

ಹೊರಗೆ ಹೊಳಪು, ಒಳಗೆ ಸೋರಿಕೆ

ಇಲ್ಲಿಂದ ಮುಂದೆ ಬರೆಯೋಕೆ ಕಷ್ಟ ಆಗುತ್ತೆ.

ರುಡಾಲ್ಫ್ ಒಳ್ಳೆ ಎಂಜಿನಿಯರ್, ಆದರೆ ದುಡ್ಡಿನ ವಿಷಯದಲ್ಲಿ ಪೆಟ್ಟು ತಿಂದರು. ಜಮೀನಿನ ಮೇಲೆ, ಎಣ್ಣೆ ಬಾವಿಗಳ ಮೇಲೆ ಹಾಕಿದ ಹಣ ಮುಳುಗಿತು. ಕೋರ್ಟ್ ಖರ್ಚು ಬೇರೆ. ಮೂಲ ಪೇಟೆಂಟ್‌ಗಳ ಅವಧಿ 1907-08ರ ಹೊತ್ತಿಗೆ ಮುಗಿಯಿತು, ಆ ಆದಾಯವೂ ನಿಂತಿತು. ಬಂಗಲೆ ಹಾಗೇ ಇತ್ತು, ಔತಣಗಳು ಹಾಗೇ ನಡೆಯುತ್ತಿದ್ದವು, ದೇಶ ದೇಶಗಳಲ್ಲಿ ಸನ್ಮಾನ, ಭಾಷಣ ಹಾಗೇ ನಡೆಯುತ್ತಿದ್ದವು. ಸಾಲ ಬೆಳೆಯುತ್ತಿರೋದು ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಅನ್ನೋ ಹಡಗು ಹತ್ತಿದರು. ಇಂಗ್ಲೆಂಡಿನ ಹಾರ್ವಿಚ್‌ಗೆ ಹೋಗಿ ಅಲ್ಲಿಂದ ಲಂಡನ್‌ನಲ್ಲಿ ಕಂಪನಿಯ ಮೀಟಿಂಗ್. ಜೊತೆಗೆ ಇಬ್ಬರು ಸಹೋದ್ಯೋಗಿಗಳು. ಊಟ ಮುಗಿಸಿ, ರಾತ್ರಿ ಹತ್ತರ ಹೊತ್ತಿಗೆ, ಬೆಳಿಗ್ಗೆ 6:15ಕ್ಕೆ ಎಬ್ಬಿಸಿ ಅಂತ ಹೇಳಿ ಕ್ಯಾಬಿನ್‌ಗೆ ಹೋದರು. ಬೆಳಿಗ್ಗೆ ಬಾಗಿಲು ತಟ್ಟಿದರೆ ಉತ್ತರವಿಲ್ಲ. ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ರಾತ್ರಿ ಉಡುಪು ಮಡಿಚಿಟ್ಟ ಹಾಗೇ ಇತ್ತು. ಕೋಟು, ಹ್ಯಾಟು ಹಡಗಿನ ಹಿಂಭಾಗದ ಕಂಬಿಯ ಹತ್ತಿರ ನೀಟಾಗಿ ಇಟ್ಟಿದ್ದವು. ಮನುಷ್ಯ ಇರಲಿಲ್ಲ.

ಸುಮಾರು ಹತ್ತು ದಿನದ ಮೇಲೆ ಒಂದು ಡಚ್ ದೋಣಿಯವರಿಗೆ ಸಮುದ್ರದಲ್ಲಿ ಶವ ಸಿಕ್ಕಿತು. ಜೇಬಿನಲ್ಲಿದ್ದ ಕನ್ನಡಕದ ಡಬ್ಬಿ, ಚಾಕು, ಪರ್ಸ್ ತೆಗೆದುಕೊಂಡು ದೇಹವನ್ನು ಸಮುದ್ರಕ್ಕೇ ಬಿಟ್ಟರು. ಆ ವಸ್ತುಗಳು ಅಪ್ಪನವೇ ಅಂತ ಕಿರಿಮಗ ಆಯ್ಗೆನ್ ಗುರುತಿಸಿದ. ಹೊರಡುವ ಮುಂಚೆ ಹೆಂಡತಿಯ ಕೈಗೆ ಒಂದು ಬ್ಯಾಗ್ ಕೊಟ್ಟು, ಒಂದು ವಾರ ಆದಮೇಲೆ ತೆಗೆ ಅಂತ ಹೇಳಿದ್ದರು. ತೆಗೆದಾಗ ಅದರಲ್ಲಿ ನಗದು ಮತ್ತು ಲೆಕ್ಕದ ಕಾಗದಗಳಿದ್ದವು. ಬ್ಯಾಂಕ್ ಖಾತೆಗಳು ಬಹುತೇಕ ಖಾಲಿ.

ಕೊಲೆ ಅಂದವರುಂಟು, ಕಾಲು ಜಾರಿರಬೇಕು ಅಂದವರೂ ಉಂಟು. ಯಾವುದಕ್ಕೂ ಗಟ್ಟಿ ಸಾಕ್ಷಿ ಇಲ್ಲ. ಅವರಾಗಿಯೇ ಪ್ರಾಣ ಬಿಟ್ಟರು ಅಂತ ಹೆಚ್ಚಿನವರು ನಂಬುತ್ತಾರೆ. ವಯಸ್ಸು 55. ಆಯ್ಗೆನ್ ದೊಡ್ಡವನಾದ ಮೇಲೆ ಬರಹಗಾರನಾಗಿ ಅಪ್ಪನ ಜೀವನಚರಿತ್ರೆ ಬರೆದ.

ಎಂಜಿನ್ ಒಳಗಿನ ಒತ್ತಡ ಅಳೆಯೋಕೆ ಇಂಡಿಕೇಟರ್ ಕೂರಿಸಿದ ಮನುಷ್ಯನ ಒಳಗಿನ ಒತ್ತಡವನ್ನ ಯಾರೂ ಕೇಳಲಿಲ್ಲ. ಅವರೂ ಯಾರಿಗೂ ತೋರಿಸಲಿಲ್ಲ. ಆ ಪುಟ ಓದಿದ ರಾತ್ರಿ ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ಕಾರಿಗೆ ಬರೋಣ

ಶನಿವಾರ ರಾತ್ರಿ ಟ್ರೇನ್ ಹತ್ತಿ ತಿಪಟೂರಿಗೆ ಹೋದ್ವಿ. ಮೊದಲು ಪೇಪರ್ ಮೇಲೆ ಒಂದು ಲೆಕ್ಕ ಹಾಕಿದ್ವಿ. ಡೀಸೆಲ್ ಲೀಟರ್‌ಗೆ 90 ರೂಪಾಯಿ, ಕಾರು 20 ಕಿಲೋಮೀಟರ್ ಕೊಟ್ಟರೆ, ಕಿಲೋಮೀಟರ್‌ಗೆ 4.50 ರೂಪಾಯಿ. ಪೆಟ್ರೋಲ್ 103 ರೂಪಾಯಿ, 15 ಕಿಲೋಮೀಟರ್ ಕೊಟ್ಟರೆ 6.87 ರೂಪಾಯಿ. ಅಂಕಲ್ ದಿನಕ್ಕೆ 100 ಕಿಲೋಮೀಟರ್, ತಿಂಗಳಿಗೆ 25 ದಿನ ಓಡಾಡ್ತಾರೆ. ಅಂದ್ರೆ ತಿಂಗಳಿಗೆ ಸುಮಾರು 5,900 ರೂಪಾಯಿ ಉಳಿತಾಯ. ಅದೇ ದಿನಕ್ಕೆ ಹತ್ತು ಕಿಲೋಮೀಟರ್ ಓಡಾಡೋರಿಗೆ ಉಳಿಯೋದು 590 ರೂಪಾಯಿ. ಒಂದು ಇಂಜೆಕ್ಟರ್ ಹೋದ್ರೆ ಎಷ್ಟೋ ತಿಂಗಳ ಉಳಿತಾಯ ಮಾಯ. ಅಂಥವರು ಹಳೇ ಡೀಸೆಲ್ ಕಡೆ ನೋಡಲೇಬಾರದು. ಅಂಕಲ್‌ಗೆ ಲೆಕ್ಕ ಸರಿಹೋಗುತ್ತೆ.

ಭಾನುವಾರ ಬೆಳಿಗ್ಗೆ ಆರೂವರೆಗೇ ಓನರ್ ಮನೆಗೆ ಹೋದ್ವಿ. ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಸಾರ್ ಅಂತ ಹಿಂದಿನ ದಿನವೇ ಕೇಳ್ಕೊಂಡಿದ್ವಿ. ಮೊದಲು ಬಾನೆಟ್ ಮುಟ್ಟಿ ನೋಡಿದ್ವಿ, ತಣ್ಣಗಿತ್ತು. ಕೀ ತಿರುಗಿಸಿ, ಗ್ಲೋ ಪ್ಲಗ್ ಲೈಟ್ ಆರೋ ತನಕ ಕಾದು, ಸ್ಟಾರ್ಟ್ ಮಾಡಿದ್ರೆ ಒಂದೇ ಸಲಕ್ಕೆ ಹಿಡೀತು. ನಮಗೆ 1894ರ ಆ ಒಂದು ನಿಮಿಷ ನೆನಪಾಯ್ತು.

ಹೊಗೆ ನೋಡಿದ್ವಿ. ಕಪ್ಪು ಬಂದ್ರೆ ಇಂಧನ ಜಾಸ್ತಿ ಹೋಗ್ತಿದೆ ಅಥವಾ ಗಾಳಿ ಕಮ್ಮಿ. ನೀಲಿ ಬಂದ್ರೆ ಎಂಜಿನ್ ಆಯಿಲ್ ಸುಡ್ತಿದೆ. ಬಿಳಿ ಹೊಗೆ ನಿಲ್ಲದೇ ಬಂದ್ರೆ ಇಂಧನ ಸುಡ್ತಿಲ್ಲ ಅಥವಾ ಕೂಲೆಂಟ್ ಒಳಗೆ ಬರ್ತಿದೆ. ಇಲ್ಲಿ ಮೊದಲು ಸ್ವಲ್ಪ ಬಿಳಿ ಬಂದು ನಿಂತುಹೋಯ್ತು. ಎಂಜಿನ್ ಓಡ್ತಿರುವಾಗಲೇ ಆಯಿಲ್ ಕ್ಯಾಪ್ ಬಿಚ್ಚಿದ್ವಿ. ರಿಂಗ್ ಸವೆದಿದ್ರೆ ಅಲ್ಲಿಂದ ಬುಸ್ ಬುಸ್ ಅಂತ ಗಾಳಿ ಎದ್ದು ಬರುತ್ತೆ, ಕ್ಯಾಪ್ ಕುಣಿಯುತ್ತೆ. ಇಲ್ಲಿ ಸಣ್ಣಗೆ ಆವಿ ಅಷ್ಟೇ.

ಆಮೇಲೆ ಮೀಟರ್. ಮೀಟರ್ ತಿರುಗಿಸೋದು ದೊಡ್ಡ ವಿಷಯ ಅಲ್ಲ, ಆದ್ರೆ ಪೆಡಲ್ ರಬ್ಬರ್, ಸ್ಟೀರಿಂಗ್, ಡ್ರೈವರ್ ಸೀಟು ಸುಳ್ಳು ಹೇಳಲ್ಲ. ಅವು 1,84,000ಕ್ಕೆ ತಕ್ಕ ಹಾಗೇ ಸವೆದಿದ್ವು. ಓನರ್ ಒಂದು ಫೈಲ್ ತಂದುಕೊಟ್ರು. ಮೊದಲ ಸರ್ವೀಸ್‌ನಿಂದ ಹಿಡಿದು ಎಲ್ಲಾ ಬಿಲ್. ಪ್ರತಿ ಬಿಲ್‌ನಲ್ಲೂ ಕಿಲೋಮೀಟರ್ ಬರೆದಿತ್ತು, ಎಲ್ಲೂ ಹಿಂದೆ ಹೋಗಿರಲಿಲ್ಲ. ಹೆಚ್ಚು ಓಡಿದ್ದು ಹೈವೇಯಲ್ಲಿ. ಊರೊಳಗೆ ಕ್ಲಚ್ ಒತ್ತುತ್ತಾ ಓಡಿದ 80,000ಕ್ಕಿಂತ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿದ 1,84,000 ಎಷ್ಟೋ ಸಲ ಮೇಲು.

ಕೊನೆಗೆ ಪರಿಚಯದ ಮೆಕ್ಯಾನಿಕ್ ಹತ್ತಿರ ಕರ್ಕೊಂಡು ಹೋದ್ವಿ. ಈ ಕೆಲಸ ನಮ್ಮ ಕೈಲಾಗೋದಲ್ಲ ಅಂತ ಒಪ್ಕೊಳ್ಳೋಕೆ ನಾಚಿಕೆ ಇಲ್ಲ. ಅಣ್ಣ ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪ್‌ಗೆ ನಾಲ್ಕು ಬಾಟಲ್ ಕಟ್ಟಿ ಎಂಜಿನ್ ಓಡಿಸಿದ್ರು. ಮೂರು ಬಾಟಲ್ ಒಂದೇ ಮಟ್ಟ, ಮೂರನೇ ಸಿಲಿಂಡರ್‌ದು ಮಾತ್ರ ಎದ್ದು ಕಾಣೋ ಹಾಗೆ ಜಾಸ್ತಿ. ಆ ಇಂಜೆಕ್ಟರ್ ಸೋರ್ತಿದೆ. ಜೊತೆಗೆ ಕ್ಲಚ್ ಕೂಡ ಮುಗಿಯೋ ಹಂತದಲ್ಲಿತ್ತು.

ಓನರ್‌ಗೆ ಬಾಟಲ್ ತೋರಿಸಿದ್ವಿ. ಅವರು ವಾದ ಮಾಡಲಿಲ್ಲ. ಮಾತುಕತೆ ಆಗಿ 2,60,000ಕ್ಕೆ ನಿಂತಿತು. ಉಳಿದ 40,000 ಮುಟ್ಟಬೇಡಿ ಅಂಕಲ್, ಅದು ಇಂಜೆಕ್ಟರ್‌ಗೆ, ಕ್ಲಚ್‌ಗೆ ಅಂತ ಹೇಳಿದ್ವಿ. 2029ಕ್ಕೆ ಹದಿನೈದು ವರ್ಷದ ರಿಜಿಸ್ಟ್ರೇಷನ್ ಮುಗಿಯುತ್ತೆ, ಆಮೇಲೆ ಫಿಟ್‌ನೆಸ್ ಮಾಡಿಸಿ ಹೊಸದಾಗಿ ಮಾಡಿಸಬೇಕು, ಅದನ್ನೂ ಲೆಕ್ಕದಲ್ಲಿ ಇಟ್ಕೊಳ್ಳಿ ಅಂದ್ವಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ತೆಗೆದಿದೆಯಾ ಅಂತಲೂ ನೋಡಿದ್ವಿ. ಅಂಕಲ್ ಕಾರು ತಗೊಂಡ್ರು. ಮುಂದೆ ಕೈಕೊಡಲ್ಲ ಅಂತ ನಾವು ಗ್ಯಾರಂಟಿ ಕೊಡಲಿಲ್ಲ. ಏನು ಸರಿ ಇದೆ, ಏನು ಸರಿ ಇಲ್ಲ ಅಂತ ಗೊತ್ತಿದ್ದೇ ತಗೊಂಡ್ರು, ಅಷ್ಟೇ.

ವಾಪಸ್ ಬರುವಾಗ ಟ್ರೇನ್‌ನಲ್ಲಿ ಆ ಫೈಲ್ ಬಗ್ಗೆಯೇ ಮಾತು. ಸೋರ್ತಿದ್ದ ಇಂಜೆಕ್ಟರ್‌ನಿಂದ ಕಾರು ಬೇಡವಾಗಲಿಲ್ಲ. ಗೊತ್ತಾಗಿದ್ದಕ್ಕೆ ರಿಪೇರಿ ಆಗುತ್ತೆ. ಗೊತ್ತಾಗದೇ ಇದ್ದಿದ್ರೆ ಒಂದು ದಿನ ನಡುದಾರಿಯಲ್ಲಿ ನಿಲ್ಲಿಸ್ತಿತ್ತು.

ನಮ್ಮ ಮೂವರಲ್ಲಿ ಒಬ್ಬನಿಗೆ ಎರಡು ಬ್ಯಾಕ್‌ಲಾಗ್ ಇವೆ. ಯಾರು ಅಂತ ಬರೆಯಲ್ಲ. ಮನೆಯಲ್ಲಿ ಎಲ್ಲಾ ಕ್ಲಿಯರ್ ಅಂತ ಹೇಳಿದ್ದ, ಒಂದು ಸೆಮ್‌ನಿಂದ ಆ ಸುಳ್ಳನ್ನೇ ಹೊತ್ಕೊಂಡು ತಿರುಗ್ತಿದ್ದ, ಸರಿಯಾಗಿ ನಿದ್ದೆ ಮಾಡ್ತಿರಲಿಲ್ಲ. ನಮಗೂ ಅದು ಗೊತ್ತಾಗಿದ್ದು ಅವತ್ತೇ, ತುಮಕೂರು ದಾಟಿದ ಮೇಲೆ. ಯಶವಂತಪುರ ಬರೋ ಮುಂಚೆ ಅವನು ಬಾಗಿಲ ಹತ್ತಿರ ಹೋಗಿ ಮನೆಗೆ ಫೋನ್ ಮಾಡಿದ. ಹತ್ತು ನಿಮಿಷ ಮಾತಾಡಿದ. ಬಂದು ಕೂತಾಗ ಕಣ್ಣು ಕೆಂಪಾಗಿತ್ತು, ಆದ್ರೆ ಅಪ್ಪ ಬೈದ್ರು, ಆಮೇಲೆ ಊಟ ಆಯ್ತಾ ಅಂತ ಕೇಳಿದ್ರು ಅಂದ.

ನಿಮ್ಮ ರೂಮಿನಲ್ಲೂ ಹೀಗೆ ನಗ್ತಾ ಓಡಾಡೋ ಒಬ್ಬರು ಇರಬಹುದು, ಅದು ನೀವೇ ಆಗಿರಬಹುದು. ಗೆಳೆಯರಿಗೆ ಹೇಳಿ, ಮನೆಗೆ ಹೇಳಿ, ಮೆಂಟರ್‌ಗೆ ಹೇಳಿ, ಯಾರಿಗಾದ್ರೂ ಒಬ್ಬರಿಗೆ ಹೇಳಿ. ಪರೀಕ್ಷೆ ತಪ್ಪಿದ್ದಕ್ಕೆ ರುಡಾಲ್ಫ್ ಡೀಸೆಲ್ ಅವರ ಬದುಕು ನಿಲ್ಲಲಿಲ್ಲ, ಆರು ತಿಂಗಳಲ್ಲಿ ಬರೆದು ಪಾಸಾದರು. ಅವರಿಗೆ ಕಷ್ಟವಾಗಿದ್ದು ಮುಂದೆ, ಲೆಕ್ಕ ತಪ್ಪಿದ್ದನ್ನ ಒಬ್ಬರೇ ಬಚ್ಚಿಟ್ಟುಕೊಂಡಾಗ.

ಅಂಕಲ್ ಮೊನ್ನೆ ಫೋನ್ ಮಾಡಿದ್ರು. ಇಂಜೆಕ್ಟರ್ ಹಾಕಿಸಿದಾರೆ, ಸೊಂಟ ನೋವು ಕಮ್ಮಿ ಆಗಿದೆಯಂತೆ. ಮೀಟರ್ ಈಗ 1,86,000 ದಾಟಿದೆ.